ಅತ್ತೆಯ ಕಳ್ಳಿಬೇಲಿ

ನಮ್ಮ ಸೋದರತ್ತೆ ಮುದ್ದು ಮಾಡಿ ಕೆನ್ನೆ ಸವರಿದರೆ ಚುರುಕ್ ಎನ್ನುತ್ತಿತ್ತು. ಅವಳ ಅಂಗೈ ತುಂಬ ಪಾಪಾಸುಕಳ್ಳಿಯ ಮುಳ್ಳು. ದೊಡ್ಡ ಮುಳ್ಳಲ್ಲ, ಅದರ ಬುಡದಲ್ಲಿ ಗೊಂಚಲಾಗಿರುವ, ಕಣ್ಣಿಗೇ ಕಾಣದ, ಭತ್ತದ ಸುಂಕಿನಂಥವು. ಕೀಳಲು ಹೋದರೆ ಮುರಿದು ಒಳಗೇ ಉಳಿಯುತ್ತವೆ. ಅತ್ತೆ ಕೈಯನ್ನು ತಲೆಗೂದಲಿಗೆ ಉಜ್ಜಿಕೊಂಡು, "ಓದಷ್ಟು ಓಗ್ಲಿ ಬುಡು" ಎಂದು ಕೆಲಸಕ್ಕೆ ಏಳುತ್ತಿದ್ದಳು.

ಅವಳನ್ನು ಕೊಟ್ಟಿದ್ದು ನಾಗಮಂಗಲದ ಕಡೆಗೆ. ಗಂಡ ಬೇಗ ಸತ್ತ. ಬರಿಗೈಯಲ್ಲಿ ತವರಿಗೆ, ತೊಣ್ಣೂರಿನ ಪಕ್ಕದ ನಮ್ಮೂರಿಗೆ, ಬಂದಳು. ತಾತ ಗುಡ್ಡದ ಬುಡದ ಕಲ್ಲುಬೆದ್ದಲನ್ನು ತೋರಿಸಿ, "ಇದು ನಿಂದು ಕಣವ್ವ" ಅಂದರು. ಅಷ್ಟೇ. ಕಾಗದ ಪತ್ರ ಏನೂ ಇಲ್ಲ. ಅತ್ತೆ ಎಲ್ಲಿಂದಲೋ ಕಳ್ಳಿ ಮುರಿದು ತಂದು ಸುತ್ತ ನೆಟ್ಟಳು. ನಾನು ಹುಟ್ಟುವ ಹೊತ್ತಿಗೆ ಅದು ಆಳೆತ್ತರದ ಬೇಲಿ. ಬೇಲಿಯ ಒಳಗಿರುವುದು ಅವಳದು ಎಂದು ಊರೆಲ್ಲ ಹೇಳುತ್ತಿತ್ತು, ಹೇಳುವಷ್ಟು ದಿನ.

ಕಳ್ಳಿಯ ಎಲೆಯಂತೆ ಕಾಣುವುದು ಎಲೆಯಲ್ಲ, ನೀರು ತುಂಬಿಕೊಂಡ ಕಾಂಡ, ಮುಳ್ಳೇ ಅದರ ಎಲೆ, ಅದು ಕಡಲಾಚೆಯ ಒಣನಾಡಿನ ಗಿಡ ಎಂದು ಪಾಂಡವಪುರದ ಹೈಸ್ಕೂಲಿನಲ್ಲಿ ಕಲಿತು ಬಂದು ಅವಳ ಮುಂದೆ ಒಪ್ಪಿಸಿದೆ. ಅತ್ತೆ ನಕ್ಕಳು. "ಯಾವ್ ದೇಸದಿಂದಾನಾ ಬರ್ಲಿ ಮಗಾ, ಬೇರು ಬುಟ್‌ಮೇಲೆ ಇಲ್ಲೀದೇಯ. ನಿನ್ ಚಿಕ್ಕಪ್ಪಂಗೇಳು ಇದ."

ಚಿಕ್ಕಪ್ಪನ ಬಾಯಲ್ಲಿ ಒಂದೇ ಗಾದೆ: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.

ಬೇಸಿಗೆಯಲ್ಲಿ ಮುಳ್ಳಿನ ನಡುವೆ ಹಳದಿ ಹೂ ಬಿಡುತ್ತಿತ್ತು, ಬಾಡುವ ಹೊತ್ತಿಗೆ ಕೇಸರಿಗೆ ತಿರುಗುತ್ತಿತ್ತು. ಆಮೇಲೆ ನೇರಳೆಗೆಂಪು ಹಣ್ಣು. ಅತ್ತೆ ಅದನ್ನು ಕವೆಗೋಲಿನಲ್ಲಿ ಕಿತ್ತು, ಮರಳಿನ ಮೇಲೆ ಉರುಳಿಸಿ ಸಣ್ಣ ಮುಳ್ಳು ಕಳೆದು, ಸಿಪ್ಪೆ ಸುಲಿದು ನನ್ನ ಬಾಯಿಗೇ ಇಡುತ್ತಿದ್ದಳು. ಇಬ್ಬರ ನಾಲಿಗೆಯೂ ರಂಗು ರಂಗು. ಆ ಬೆದ್ದಲಿನ ಹುರುಳಿ, ಎಳ್ಳು ಅವಳನ್ನು ಯಾರ ಹಂಗೂ ಇಲ್ಲದೆ ಸಾಕಿದವು.

ತೊಂಬತ್ತರ ದಶಕದ ಮೊದಲಲ್ಲಿ, ತಾತ ಹೋದ ಮೇಲೆ, ಗುಡ್ಡದ ಬುಡಕ್ಕೆ ನಾಲೆಯ ನೀರು ಬಂತು. ಅಲ್ಲಿಯತನಕ ಯಾರೂ ತಿರುಗಿ ನೋಡದ ಕಲ್ಲುನೆಲದ ಮೇಲೆ ಚಿಕ್ಕಪ್ಪನಿಗೆ ಪ್ರೀತಿ ಉಕ್ಕಿತು.

"ಅಕ್ಕಾ, ಬುಟ್ಕೊಡು. ಗದ್ದೆ ಮಾಡ್ತೀನಿ. ನಿಂಗೆ ಎರಡೊತ್ತು ಇಟ್ಟು ನಾನಾಕ್ತೀನಿ."

"ನಿನ್ನಿಟ್ಟು ನೀನೇ ಉಣ್ಣು ಕಣ್ಲಾ. ಬೇಲಿ ಒಳಿಕ್ಕೆ ಕಾಲಿಕ್ಕೀಯ, ಉಸಾರು!"

ಬೇಲಿ ಕಡಿದರೆ ಊರು ಕೇಳುತ್ತದೆ. ಚಿಕ್ಕಪ್ಪ ಕಡಿಯಲಿಲ್ಲ. ಸಿಂಧಘಟ್ಟದ ಮಾವನ ಮನೆಗೆ ಹೋಗಿದ್ದವನು ಬರುವಾಗ ಒಂದು ಗೋಣಿಚೀಲ ತಂದ. ಏನು ಎಂದರೆ "ಗಿಡ" ಎಂದ. ಸ್ವಲ್ಪ ದಿನಕ್ಕೆ ಅತ್ತೆಯ ಕಳ್ಳಿಯ ಮೇಲೆ ಅರಳೆ ಅಂಟಿಸಿದಂತೆ ಬೆಳ್ಳಗೆ ಹುಳ ಕೂತಿತು. ಹಿಸುಕಿದರೆ ಕೈಯೆಲ್ಲ ಕೆಂಪು. ಹುಳ ರಸ ಹೀರಿದಂತೆ ಕಳ್ಳಿ ಹಳದಿಯಾಗಿ, ಸುಕ್ಕುಗಟ್ಟಿ, ಕಳಚಿ ಬೀಳತೊಡಗಿತು. ಅತ್ತೆ ಬೂದಿ ಎರಚಿದಳು, ಸೋಪಿನ ನೀರು ಹಾಕಿ ತಿಕ್ಕಿದಳು. ತಿಕ್ಕುವಾಗಲೇ ಬೇಲಿಯ ಒಳಮಗ್ಗುಲಲ್ಲಿ ಸಿಕ್ಕಿದ್ದು, ಹುಳ ಮೆತ್ತಿದ ಬೇರೆ ಕಳ್ಳಿಯ ತುಂಡುಗಳು. ಬಾಳೆನಾರಿನಲ್ಲಿ ಬಿಗಿದು ಕಟ್ಟಿದ್ದವು.

ಅದನ್ನು ತಂದು ನಮ್ಮ ಜಗಲಿಯ ಮೇಲೆ ಹಾಕಿದಳು. ಅಪ್ಪ, ಚಿಕ್ಕಪ್ಪ ಇಬ್ಬರೂ ಕಾಫಿ ಕುಡಿಯುತ್ತಿದ್ದರು.

"ಉಳ ಬಿದ್ರೆ ನಾನೇನ್ ಮಾಡ್ಲಕ್ಕಾ?" ಎಂದ ಚಿಕ್ಕಪ್ಪ.

"ಉಳಕ್ಕೆ ನಾರಲ್ಲಿ ಗಂಟಾಕಕೆ ಬತ್ತದೇನ್ಲಾ?"

ಚಿಕ್ಕಪ್ಪ ನಕ್ಕ. ಅಪ್ಪ ಲೋಟ ಕೆಳಗಿಟ್ಟು, "ಓಗ್ಲಿ ಬುಡಕ್ಕ, ಆಗಿದ್ದಾಯ್ತು" ಎಂದರು. ಚಿಕ್ಕಪ್ಪನ ನಗುವಿಗಿಂತ ಅಪ್ಪನ ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ. ಅಪ್ಪ ಕೆಟ್ಟವರಲ್ಲ ಎನ್ನುತ್ತಾರೆ. ಕೆಟ್ಟವನ ಪಕ್ಕ ಕೂತು ಕಾಫಿ ಕುಡಿಯುವವರು ಒಳ್ಳೆಯವರು ಹೇಗಾಗುತ್ತಾರೋ ನನಗೆ ತಿಳಿಯದು.

ಬೇಸಿಗೆ ಮುಗಿಯುವ ಮುಂಚೆ ಬೇಲಿ ಕೊಳೆತು ನೆಲಕ್ಕೆ ಮಲಗಿತು. ಚಿಕ್ಕಪ್ಪನ ಟ್ರಾಕ್ಟರು ಒಂದೇ ಬೆಳಗಿನಲ್ಲಿ ಪಕ್ಕದ ಅವನ ಹೊಲವನ್ನೂ ಅತ್ತೆಯ ಬೆದ್ದಲನ್ನೂ ಸೇರಿಸಿ ಉತ್ತಿತು. ಅತ್ತೆ ಅರಳಿಕಟ್ಟೆಗೆ ಹೋಗಿ ನ್ಯಾಯ ಕೇಳಿದಳು. ಆ ಬೇಲಿಯ ಹಣ್ಣು ತಿಂದು ಬೆಳೆದ ಗಂಡಸರೇ "ಎಲ್ಲಿಗಂಟ ನಿಂದು, ಗುರುತೇನವ್ವಾ?" ಎಂದರು. ಥೂ!

ಅಲ್ಲಿಂದ ಮುಂದೆ ಅತ್ತೆ ಬೇರೆಯವರ ಗದ್ದೆಯಲ್ಲಿ ಕೂಲಿ ನಾಟಿ ಹಾಕಿದಳು. ತಮ್ಮಂದಿರ ಮನೆಯಲ್ಲಿ ನೀರೂ ಕುಡಿಯಲಿಲ್ಲ. ಕೊನೆಗಾಲದಲ್ಲಿ ನಾನು ಗಂಜಿ ತೆಗೆದುಕೊಂಡು ಹೋದಾಗ ಕೈ ಹಿಡಿದು ಹೇಳಿದಳು: "ಬಾಯಿ ಮಾತ ನಂಬಿ ಕೆಟ್ಟೆ ಕಣ್ ಮಗಾ. ನಿನ್ ಪಾಲು ಬುಟ್ಕೊಡಬ್ಯಾಡ. ಅತ್ರೂ ಬುಟ್ಕೊಡಬ್ಯಾಡ, ಕಾಲಿಗ್ ಬಿದ್ರೂ ಬುಟ್ಕೊಡಬ್ಯಾಡ." ಅವಳ ತಿಥಿಗೆ ಚಿಕ್ಕಪ್ಪ ಊರಿಗೆಲ್ಲ ಊಟ ಹಾಕಿಸಿದ. ಅನ್ನ ಆ ಗದ್ದೆಯದೇ. ನಾನು ಎಲೆ ಬಿಟ್ಟು ಎದ್ದೆ.

ಅಪ್ಪ ಹೋದ ಮೇಲೆ ನನ್ನ ಅಣ್ಣ ತಮ್ಮ ಸೀರೆ, ಅರಿಶಿನ ಕುಂಕುಮ ಹಿಡಿದು ನನ್ನ ಗಂಡನ ಮನೆಗೆ ಬಂದರು. ಸೀರೆಯ ಕೆಳಗೆ ಹಕ್ಕು ಬಿಟ್ಟುಕೊಡುವ ಕಾಗದ. ಅಣ್ಣ ಕಣ್ಣೀರೂ ಹಾಕಿದ. "ತವರು ಬೇಕಾ, ಜಮೀನ್ ಬೇಕಾ, ಯೋಳ್‌ಬುಡವ್ವ" ಎಂದ.

"ಜಮೀನು" ಎಂದೆ.

ಅಂದಿನಿಂದ ಗೌರಿಹಬ್ಬಕ್ಕೆ ನನಗೆ ತವರಿನ ಬಾಗಿನ ಬಂದಿಲ್ಲ. ನನ್ನ ಪಾಲಿನ ಹೊಲದಲ್ಲಿ ಪ್ರತಿ ವರ್ಷ ರಾಗಿ ಬರುತ್ತದೆ, ಮನೆ ಮಂದಿಯೆಲ್ಲ ಉಣ್ಣುತ್ತೇವೆ.