ಹೊಸ ಅಕ್ಕೋರು ನಾನಲ್ಲ

ಚೌಡಾಪುರದಿಂದ ಒಳಗೆ ಹೋಗುವ ರಸ್ತೆಯ ಒಂದು ಸರಕಾರಿ ಶಾಲೆಯಲ್ಲಿ ನಾನು ಇತಿಹಾಸ ಹೇಳಿಕೊಡುತ್ತೇನೆ. ಏಳನೇ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುವವಳೂ ನಾನೇ. ಬಸ್ಸು ಗೊತ್ತು ಮಾಡುವುದು, ಒಪ್ಪಿಗೆ ಪತ್ರಕ್ಕಾಗಿ ಮನೆಮನೆಗೆ ಅಲೆಯುವುದು, ಹೊಟ್ಟೆ ತೊಳಸುವವರಿಗೆ ಲಿಂಬೆಹಣ್ಣು ಇಟ್ಟುಕೊಳ್ಳುವುದು ಎಲ್ಲ ನನ್ನ ಕೆಲಸ. ಆ ಒಂದು ದಿನ ನನ್ನದು ಎಂದು ತಿಳಿದಿದ್ದೆ. ಕಳೆದ ವರ್ಷ ಅದು ನನ್ನ ಕೈತಪ್ಪಿತು.

ಆ ವರ್ಷ ಶಾಲೆಗೆ ಜೇವರ್ಗಿ ಕಡೆಯವಳೊಬ್ಬಳು ಅತಿಥಿ ಶಿಕ್ಷಕಿಯಾಗಿ ಬಂದಿದ್ದಳು. ಹೇಳುವುದು ವಿಜ್ಞಾನ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು. ಪಕ್ಕದ ಕೋಣೆಯಲ್ಲಿ ಅವಳ ಪಾಠ ನಡೆದಾಗ ನಗು ಕೇಳಿಸುತ್ತಿತ್ತು. ನನ್ನ ಎದುರಿಗೆ ಕೂತ ಮಕ್ಕಳ ಕಿವಿಯೆಲ್ಲ ಆ ಗೋಡೆಯ ಕಡೆಗಿರುತ್ತಿತ್ತು. ಊರಿಗೆ ಅಲ್ಲಿಯವರೆಗೆ ಇದ್ದ ಶಿಕ್ಷಕಿ ನಾನೊಬ್ಬಳೇ, ಎಲ್ಲರಿಗೂ ಅಕ್ಕೋರು. ಎರಡು ತಿಂಗಳಲ್ಲಿ ಅವಳು ಹೊಸ ಅಕ್ಕೋರು ಆದಳು, ನಾನು ಹಳೇ ಅಕ್ಕೋರು ಆದೆ. ಪ್ರವಾಸಕ್ಕೆ ಜೊತೆಗೊಬ್ಬರು ಬೇಕೆಂದಾಗ ಹೆಡ್ ಮಾಸ್ತರರು ಅವಳನ್ನೇ ಕಳಿಸಿದರು.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹೊಲದಲ್ಲಿ ಮಡಕೆಯ ಚೂರು ಸಿಗಲಿ, ಸವೆದ ತಾಮ್ರದ ಬಿಲ್ಲೆ ಸಿಗಲಿ, ಒರೆಸಿ ತಂದು ನನ್ನ ಮೇಜಿನ ಮೇಲಿಡುತ್ತಿದ್ದಳು. ಬಾಯಿಬಿಟ್ಟು ಹೇಳದಿದ್ದರೂ ಅವಳು ನನ್ನವಳು ಎಂದುಕೊಂಡಿದ್ದೆ. ಬಸ್ಸಿನಲ್ಲಿ ಅವಳಿಗೆಂದು ನನ್ನ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದೆ. ಅವಳು ಹತ್ತಿದಳು, ನನ್ನನ್ನು ನೋಡಿ ನಕ್ಕಳು, ಹಿಂದೆ ಹೋಗಿ ಹೊಸ ಅಕ್ಕೋರ ಪಕ್ಕ ಕೂತಳು. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ನಾನು ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಅದನ್ನೇ ನೋಡುತ್ತ ಕೂತೆ.

ವಸ್ತುಸಂಗ್ರಹಾಲಯದಲ್ಲಿ ನಾನು ರಾಜಮನೆತನಗಳಿಂದ ಶುರು ಮಾಡಿದೆ. ನಾಲ್ಕು ಸಂಜೆ ಕೂತು ಬರೆದುಕೊಂಡ ಟಿಪ್ಪಣಿ ಕೈಯಲ್ಲಿತ್ತು. ರಾಷ್ಟ್ರಕೂಟರು ಮುಗಿದು ಚಾಲುಕ್ಯರಿಗೆ ಬರುವಷ್ಟರಲ್ಲಿ ಎದುರಿಗೆ ಐದಾರು ಮಕ್ಕಳು ಉಳಿದಿದ್ದರು. ಉಳಿದವರೆಲ್ಲ ಅಂಗಳದಲ್ಲಿ ಒಂದು ವೀರಗಲ್ಲಿನ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ನಡುವೆ ಹೊಸ ಅಕ್ಕೋರೂ ನೆಲಕ್ಕೇ ಕೂತಿದ್ದಳು. ಅವಳು ಏನನ್ನೂ ಹೇಳುತ್ತಿರಲಿಲ್ಲ, ಬರೀ ಕೇಳುತ್ತಿದ್ದಳು. ಕೆಳಗಿನ ಸಾಲಿನಲ್ಲಿ ಏನಿದೆ, ಇವನ ಕೈಯಲ್ಲಿರುವುದೇನು, ಮೇಲಿನ ಸಾಲಿನಲ್ಲಿ ಇವನನ್ನು ಎತ್ತಿಕೊಂಡು ಹೋಗುತ್ತಿರುವವರು ಯಾರು. ಕೆಳಗೆ ದನಗಳಿವೆ ಎಂದು ಒಬ್ಬ ಕಂಡುಹಿಡಿದ. ದನ ಬಿಡಿಸಿಕೊಳ್ಳಲು ಹೋಗಿ ಸತ್ತಿರಬೇಕು ಎಂದು ಇನ್ನೊಬ್ಬಳು ಹೇಳಿದಳು. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆನ್ನುವುದನ್ನು ಅವರೇ ಕಲಿತುಬಿಟ್ಟರು. ಇದೆಲ್ಲ ನನ್ನ ಟಿಪ್ಪಣಿಯ ಮೂರನೇ ಹಾಳೆಯಲ್ಲಿತ್ತು. ಹಾಳೆಗಳನ್ನು ಮಡಚಿಕೊಂಡು ಅವರ ಹಿಂದೆ ಹೋಗಿ ನಿಂತೆ.

ಆಗ ಆ ಹುಡುಗಿ ಹೊಸ ಅಕ್ಕೋರಿಗೆ ಮೆಲ್ಲಗೆ ಹೇಳಿದ್ದು ಹಿಂದೆ ನಿಂತಿದ್ದ ನನಗೆ ಕೇಳಿಸಿತು. "ನಮ್ಮ ಹೊಲದಾಗ ಇಂಥಾದೇ ಒಂದ್ ಕಲ್ಲ ಅದರಿ. ಅರ್ಧ ಹುಗದದ. ಮುತ್ತ್ಯಾ ಅದಕ್ಕ ದನಗಾರಪ್ಪ ಅಂತಾನ."

ಹೊಸ ಅಕ್ಕೋರು ಕೂಡಲೇ ನನ್ನ ಕಡೆ ತಿರುಗಿ ಕೇಳಿದಿರಾ ಎಂದಳು. ಅವಳ ಮುಖದಲ್ಲಿ ಖುಷಿಯಿತ್ತು. ನಾನು ಹೇಳಿದೆ, "ನನಗ ಗೊತ್ತದ."

ಹುಡುಗಿ ನನ್ನ ಮುಖ ನೋಡಿದಳು. "ನಿಮಗ ಹ್ಯಾಂಗ ಗೊತ್ತರಿ? ನಾ ಯಾರಿಗೂ ಹೇಳಿಲ್ಲ."

ಹೊತ್ತಾಯಿತು, ನಾಣ್ಯಗಳನ್ನು ನೋಡುವುದಿದೆ ಎಂದು ಎಲ್ಲರನ್ನೂ ಎಬ್ಬಿಸಿದೆ. ಮಧ್ಯಾಹ್ನ ಮರದ ಕೆಳಗೆ ರೊಟ್ಟಿ ಬುತ್ತಿ ಬಿಚ್ಚಿದಾಗ, ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಆ ಕಲ್ಲು ನೋಡಲು ಹೋಗುವುದೆಂದು ಅವರಿಬ್ಬರೂ ಗೊತ್ತು ಮಾಡಿಕೊಂಡರು. ಹೊಸ ಅಕ್ಕೋರು ನನ್ನನ್ನೂ ಕರೆದಳು. ನನಗೆ ಕೆಲಸವಿದೆ ಎಂದೆ.

ಕೆಲಸವೇನೂ ಇರಲಿಲ್ಲ. ಶುಕ್ರವಾರ ಸಂಜೆ ನಾನೊಬ್ಬಳೇ ಆ ಹೊಲಕ್ಕೆ ಹೋದೆ. ಹೊಸ ಅಕ್ಕೋರಿಗಿಂತ ಒಂದು ದಿನ ಮೊದಲು ನೋಡಬೇಕೆಂಬುದಷ್ಟೇ ತಲೆಯಲ್ಲಿತ್ತು. ಬದುವಿನ ಮೇಲೆ ಬೇವಿನ ಮರದಡಿ ಹುಡುಗಿಯ ಅಜ್ಜ, ಅವಳು ಹೇಳಿದ ಮುತ್ತ್ಯಾ, ಹಗ್ಗ ಹೊಸೆಯುತ್ತಿದ್ದರು. ಕಣ್ಣು ಮಬ್ಬು. ಶಾಲೆಯಿಂದ ಬಂದಿದ್ದೇನೆ ಎಂದಾಗ ಅವರ ಮುಖ ಅರಳಿತು.

"ಹೊಸ ಅಕ್ಕೋರೇನ್ರಿ? ನಾಳಿಗಿ ಬರ್ತಾರಂತ ಹೇಳಿದ್ಳು ನಮ್ಮ ಹುಡುಗಿ. ಕಲ್ಲಿನ ಮುಂದ ನೆಲಕ್ಕ ಕುಂತವರು ನೀವೇ ಹೌದಲ್ರಿ?"

ಹೌದ್ರಿ ಎಂದುಬಿಟ್ಟೆ. ಇಂದಿಗೂ ಆ ಮಾತು ನೆನಪಾದರೆ ಮೈ ಹಿಡಿಯಾಗುತ್ತದೆ.

ಅವರು ನನ್ನ ಕೈಹಿಡಿದೇ ಕಲ್ಲಿನ ಹತ್ತಿರ ಕರೆದೊಯ್ದರು. ಅರಿಷಿಣ ಬಳಿದ ಕಲ್ಲು, ಮೇಲೆ ಸೂರ್ಯ ಚಂದ್ರ, ಕೆಳಗೆ ವೀರನ ಎದೆಯವರೆಗೆ ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಆಕಳು ಎಮ್ಮೆ ಈದಾಗ ಮೊದಲ ಹಾಲನ್ನು ಇದಕ್ಕೇ ಎರೆಯುತ್ತಾರಂತೆ. ಯಾಕೆಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ, ಅವರ ಅಪ್ಪ ಎರೆಯುತ್ತಿದ್ದರು, ಅದಕ್ಕೆ. ಅಪ್ಪಣೆ ಕೇಳಿ ನಾನು ನೆಲಕ್ಕೆ ಕೂತು ಕರಿಮಣ್ಣನ್ನು ಕೈಯಿಂದ ಬಗೆದೆ. ಮೊಳದಷ್ಟು ಆಳದಲ್ಲಿ ಬೆರಳಿಗೆ ಉಬ್ಬು ಸಿಕ್ಕಿತು. ಒಂದು ಕೊಂಬು, ಒಂದು ಬೆನ್ನು, ಹಿಂದೆ ಇನ್ನೆರಡು. ದನಗಳು. ಮುತ್ತ್ಯಾನ ಕೈಯನ್ನು ಅಲ್ಲಿಗೆ ಒಯ್ದು ಇಟ್ಟೆ. ಅವರು ಬಹಳ ಹೊತ್ತು ಸವರಿದರು. ಆಮೇಲೆ ತಲೆಯ ರುಮಾಲು ತೆಗೆದು ಪಕ್ಕಕ್ಕಿಟ್ಟರು.

"ನಮ್ಮಪ್ಪ ಇದನ್ನ ನೋಡ್ಲಾರದೇ ಹೋದ," ಎಂದರು.

ಇಷ್ಟು ವರ್ಷ ಇತಿಹಾಸ ಹೇಳಿದ ನನಗೆ ಅಂಥ ಸಂಜೆ ಹಿಂದೆಂದೂ ಸಿಕ್ಕಿರಲಿಲ್ಲ. ಅದೂ ಇನ್ನೊಬ್ಬಳ ಹೆಸರಿನಲ್ಲಿ ಸಿಕ್ಕಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿಗೆ ಸಲ್ಲಬೇಕಾದದ್ದನ್ನು ನಾನು ಮೊದಲೇ ತಿಂದುಬಿಟ್ಟಿದ್ದೆ. ಬಗೆದ ಮಣ್ಣನ್ನೆಲ್ಲ ಮತ್ತೆ ತುಂಬಿ ಅಂಗೈಯಿಂದ ಒತ್ತಿದೆ. ಮುತ್ತ್ಯಾ ಯಾಕೆಂದು ಕೇಳಿದರು. ನಾಳೆ ಮೊಮ್ಮಗಳೇ ತೆಗೆಯಲಿ, ಅಲ್ಲಿಯವರೆಗೆ ಏನೂ ಹೇಳಬೇಡಿ ಎಂದು ಬೇಡಿಕೊಂಡೆ.

ಸೋಮವಾರ ಹುಡುಗಿ ಓಡಿ ಬಂದು ತಾನೇ ದನಗಳನ್ನು ಹೊರತೆಗೆದ ಕಥೆ ಹೇಳಿದಳು. ಅವಳ ಉಗುರಿನಲ್ಲಿ ಇನ್ನೂ ಮಣ್ಣಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಹೊಸ ಅಕ್ಕೋರು ನನ್ನ ಪಕ್ಕ ಬಂದು ಕೂತಳು. ಬೇರೆ ಯಾರೂ ಇರಲಿಲ್ಲ.

"ಅಕ್ಕೋರ, ಮುತ್ತ್ಯಾರು ನನ್ನ ದನಿ ಕೇಳಿ, ನಿನ್ನಿ ಬಂದ ಹೊಸ ಅಕ್ಕೋರು ನೀವಲ್ಲ ಅಂದ್ರು. ನಾ ಏನೂ ಮಾತಾಡ್ಲಿಲ್ಲ. ಹುಡುಗಿ ದೂರ ಇದ್ಳು, ಕೇಳಿಲ್ಲ."

ಅಷ್ಟು ಹೇಳಿ ತನ್ನ ಡಬ್ಬಿಯ ಶೇಂಗಾ ಹಿಂಡಿ ಚಟ್ನಿಪುಡಿಯನ್ನು ನನ್ನ ರೊಟ್ಟಿಯ ಮೇಲೆ ಹಾಕಿದಳು. ಮತ್ತೆ ಆ ಮಾತೆತ್ತಲಿಲ್ಲ. ಅವಳು ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಮಕ್ಕಳ ಜೊತೆ ಅವಳಿಗಿದ್ದ ಸಲಿಗೆಗೆ ನಾನು ಉರಿದದ್ದು ಒಂದು ಬಗೆ. ಆ ದಿನ ಅವಳ ದೊಡ್ಡ ಮನಸ್ಸಿಗೂ ಉರಿದೆ. ಅದು ಹೆಚ್ಚು ಸುಡುತ್ತಿತ್ತು.

ಎರಡು ದಿನ ತಡೆದುಕೊಂಡೆ. ಮೂರನೇ ದಿನ ಹುಡುಗಿಯನ್ನು ಬೇರೆ ಕರೆದು, ಅವಳಿಗಿಂತ ಮೊದಲು ನಾನು ಹೋಗಿದ್ದೆ, ಮುತ್ತ್ಯಾನ ಮುಂದೆ ಸುಳ್ಳು ಹೇಳಿದ್ದೆ ಎಂದೆ.

"ಹಂಗಂದ್ರ ದನಾ ಮೊದಲ ನೀವ ನೋಡೀರಿ?"

ಹೌದು ಎಂದೆ.

"ಎಷ್ಟ್ ಅದಾವ?"

ಮೂರು ಎಂದೆ.

"ನಾಕ್ ಅದಾವರಿ," ಎಂದಳು. "ಒಂದ್ ಕರಾ ಅದ, ತಾಯಿ ಕಾಲಾಗ. ನೀವ ಸರಿಯಾಗಿ ನೋಡಿಲ್ಲ."

ಆ ಸಂಜೆ ಅವಳೇ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಮುತ್ತ್ಯಾ ಯಾರೆಂದು ಕೇಳಿದರು. ಹಳೇ ಅಕ್ಕೋರು ಎಂದು ನಾನೇ ಹೇಳಿದೆ.