ಕಿವಿರು ತೋರಿಸಿದ ಮೇಷ್ಟ್ರು

ಮೊನ್ನೆ ಆಲ್ದೂರಿನ ಹತ್ತಿರ ಬಸ್ಸು ನಿಂತಾಗ ಕೊಳೆತ ಕಾಫಿ ಸಿಪ್ಪೆಯ ಹುಳಿ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು... ಇಷ್ಟು ವರ್ಷವಾದರೂ ಆರದ ಸಿಟ್ಟು.

ಬ್ರಿಟಿಷರು ಇನ್ನೂ ಇದ್ದ ಕಾಲ. ಬಾಳೂರು ಕಡೆಯ ನಮ್ಮ ಶಾಲೆಗೆ ಮೈಸೂರಿನಿಂದ ವಿಜ್ಞಾನದ ಮೇಷ್ಟ್ರು ಬಂದರು. ಬರುವಾಗ ಸ್ವಂತದ್ದೊಂದು ಸೂಕ್ಷ್ಮದರ್ಶಕ ತಂದಿದ್ದರು. ಆಗಷ್ಟೇ ಮೊಟ್ಟೆಯಿಂದ ಹೊರಬಂದ ಗೊದಮೊಟ್ಟೆಯೊಂದನ್ನು ಹಳ್ಳದಿಂದ ಹಿಡಿದು ತಂದು, ಹನಿ ನೀರಿನಲ್ಲಿಟ್ಟು, ಹುಡುಗರನ್ನೆಲ್ಲ ಬಿಟ್ಟು ಹುಡುಗಿಯಾದ ನನ್ನನ್ನು ಮೊದಲು ಕರೆದರು. ಅದರ ಕತ್ತಿನ ಪಕ್ಕದಲ್ಲಿ ಗರಿಯಂಥ ಕಿವಿರು. ಅದರೊಳಗೆ ರಕ್ತದ ಕಣಗಳು ಒಂದರ ಹಿಂದೊಂದು ಓಡುತ್ತಿದ್ದವು.

"ಆಚೆ ನೀರು, ಈಚೆ ರಕ್ತ. ನಡುವೆ ತೀರಾ ತೆಳ್ಳಗಿನ ಜೀವಕೋಶದ ಪದರ, ಅಷ್ಟೇ," ಎಂದರು. "ನೀರಲ್ಲಿರೋ ಆಮ್ಲಜನಕ ಅದನ್ನ ದಾಟಿ ಒಳಗೆ ಹೋಗತ್ತೆ. ನೀರು ಕೆಟ್ಟರೆ ಮೊದಲು ಹಾಳಾಗೋದೂ ಅದೇ."

ಕಾಫಿ ಕೊಯ್ಲು ಶುರುವಾಯಿತು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಕೊಳೆನೀರನ್ನು ನಮ್ಮ ದೊಡ್ಡಪ್ಪ ತಮ್ಮ ತೋಟದಿಂದ ನೇರವಾಗಿ ಹಳ್ಳಕ್ಕೆ ಬಿಡುತ್ತಿದ್ದರು. ಗೊದಮೊಟ್ಟೆಗಳು ಹೊಟ್ಟೆ ಮೇಲಾಗಿ ತೇಲಿದವು. ಮೇಷ್ಟ್ರು ಒಂದನ್ನು ತಂದು ತೋರಿಸಿದರು. ಕಿವಿರಿನ ಎಳೆಗಳು ಊದಿಕೊಂಡು ಒಂದಕ್ಕೊಂದು ಅಂಟಿದ್ದವು. ಹಳ್ಳದ ಕೆಳಗಿನ ಕೂಲಿ ಲೈನಿನಲ್ಲಿ, ಸಾಲುಮನೆಗಳಲ್ಲಿದ್ದ ತೋಟದಾಳುಗಳು ಕುಡಿಯುತ್ತಿದ್ದುದು ಅದೇ ನೀರು. ಅಲ್ಲಿ ಮಕ್ಕಳಿಗೆ ವಾಂತಿಭೇದಿ ಹತ್ತಿತು. ಒಂದು ಹಸುಗೂಸು ಸತ್ತೇಹೋಯಿತು.

ಶಾಲಾ ಸಮಿತಿಗೆ ದೊಡ್ಡಪ್ಪನೇ ಅಧ್ಯಕ್ಷರು. ಮೇಷ್ಟ್ರು ಸೂಕ್ಷ್ಮದರ್ಶಕ ಹೊತ್ತು ಸಮಿತಿಯ ಮುಂದೆ ಹೋಗಿ ನಿಂತರು. ನಾನೂ ಜೊತೆಗೆ ಹೋದೆ.

"ಒಂದ್ಸಲ ನೋಡಿ ಸ್ವಾಮಿ. ಆ ನೀರನ್ನ ಹಳ್ಳಕ್ಕೆ ಬಿಡ್ಬೇಡಿ, ಗುಂಡಿ ತೋಡ್ಸಿ ಅದಕ್ಕೆ ಬಿಡಿ," ಎಂದರು ಮೇಷ್ಟ್ರು.

"ಕಪ್ಪೆಮರಿಗೆ ಉಸಿರು ಕಟ್ತು ಅಂತ ನಾನು ಪಲ್ಪರ್ ನಿಲ್ಲಿಸ್ಬೇಕಾ ಮಾರಾಯ?" ದೊಡ್ಡಪ್ಪ ನಕ್ಕರು. ಎಲ್ಲರೂ ನಕ್ಕರು.

"ದೊಡ್ಡಪ್ಪ, ಲೈನಲ್ಲಿ ಸತ್ತಿದ್ದು ಕಪ್ಪೆಮರಿ ಅಲ್ಲ!" ಎಂದೆ.

ನಗು ನಿಂತಿತು. ಆದರೆ ಒಬ್ಬರೂ ಬಗ್ಗಿ ಸೂಕ್ಷ್ಮದರ್ಶಕದಲ್ಲಿ ನೋಡಲಿಲ್ಲ. ಹೆಣ್ಣುಮಕ್ಕಳಿಗೆ ಎದುರು ಮಾತಾಡುವುದನ್ನು ಕಲಿಸುತ್ತಾನೆಂದು ಮೇಷ್ಟ್ರನ್ನು ಆ ವಾರವೇ ಕೆಲಸದಿಂದ ತೆಗೆದರು. ನನ್ನನ್ನು ಶಾಲೆ ಬಿಡಿಸಿದರು. ಊರು ಬಿಡುವಾಗ ಮೇಷ್ಟ್ರು ನಮ್ಮ ಮನೆಯ ಮುಂದೆ ಒಂದು ಗಳಿಗೆ ನಿಂತರಂತೆ. ನನ್ನನ್ನು ಹೊರಗೆ ಬಿಡಲಿಲ್ಲ... ಆಮೇಲೆ ಅವರು ಎಲ್ಲಿಗೆ ಹೋದರು, ಹೇಗೆ ಬದುಕಿದರು, ಒಂದೂ ಗೊತ್ತಾಗಲಿಲ್ಲ.

ಈಗ ಆ ಶಾಲೆಯಲ್ಲಿ ಪ್ರಯೋಗಾಲಯ ಕಟ್ಟಿದ್ದಾರೆ. ಅದಕ್ಕೆ ದೊಡ್ಡಪ್ಪನ ಹೆಸರು! ಉದ್ಘಾಟನೆಗೆ ಕರೆಯಲು ಬಂದವರನ್ನು, ಮೇಷ್ಟ್ರ ಹೆಸರು ಎಲ್ಲಾದರೂ ಹಾಕಿದ್ದೀರಾ ಎಂದು ಕೇಳಿದೆ.

"ಯಾವ ಮೇಷ್ಟ್ರಮ್ಮಾ?" ಎಂದರು.

ನಾನು ಹೋಗಲಿಲ್ಲ.