ಹನ್ನೊಂದು ಸೆಕೆಂಡಿನ ಮೌನ

ಆಸ್ಪತ್ರೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಲ್ಲರೂ ಅವಳನ್ನು ಟೈಪಕ್ಕ ಎನ್ನುತ್ತಿದ್ದರು. ಡಾಕ್ಟರು ತಮ್ಮ ಕೋಣೆಯಲ್ಲಿ ಕೂತು ರೆಕಾರ್ಡರಿಗೆ ಹೇಳಿದ್ದನ್ನು, ಇವಳು ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, ರಿಪೋರ್ಟು ಟೈಪು ಮಾಡಬೇಕು. ಕಾಲ ಕೆಳಗೊಂದು ಪೆಡಲು. ಒತ್ತಿದರೆ ಡಾಕ್ಟರ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಡಾಕ್ಟರ ಬಾಯಿ ಮುಚ್ಚಿಸುವ ಅಧಿಕಾರ ಇಡೀ ಆಸ್ಪತ್ರೆಯಲ್ಲಿ ನನ್ನ ಬಲಗಾಲಿಗೆ ಮಾತ್ರ ಇರುವುದು ಎಂದು ಅವಳು ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಹತ್ತೊಂಬತ್ತು ವರ್ಷ ಹೀಗೆ ಕೇಳಿ ಕೇಳಿ ಅವಳಿಗೊಂದು ವಿದ್ಯೆ ಹತ್ತಿತ್ತು. ಎಲ್ಲ ಸರಿಯಿದ್ದರೆ ಡಾಕ್ಟರು ಪಟಪಟನೆ ಹೇಳಿ ಮುಗಿಸುತ್ತಿದ್ದರು. ಕೆಟ್ಟದ್ದು ಕಂಡಾಗ ಮಾತ್ರ ನಡುವೆ ತಡೆದು ನಿಲ್ಲುತ್ತಿದ್ದರು. ಆ ಮೌನ ಬಂದ ಕೂಡಲೇ ಇವಳು 'ಪಾಪ, ಯಾರೋ ಏನೋ' ಎಂದುಕೊಳ್ಳುತ್ತಿದ್ದಳು. ಒಮ್ಮೆಯೂ ಸುಳ್ಳಾಗಲಿಲ್ಲ ಎಂದು ಅವಳೇ ಹೇಳುತ್ತಿದ್ದಳು. ಸುಳ್ಳಾದವನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ!

ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಬಟ್ಟೆ ಹಿಂಡಿದ ಹಾಗೆ ನೋವು ಬರುತ್ತಿತ್ತು. ಮೂರು ತಿಂಗಳು ಗ್ಯಾಸ್ಟ್ರಿಕ್ ಎಂದು ತಳ್ಳಿದಳು. ಒಂದು ಮಧ್ಯಾಹ್ನ ಕೀಬೋರ್ಡಿನ ಮೇಲೆಯೇ ಮುದುಡಿಕೊಂಡಾಗ ಡಾಕ್ಟರೇ ಕರೆದು ಸ್ಕ್ಯಾನ್ ಮಾಡಿದರು. "ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಸ್ಬೇಕು. ಮಿಕ್ಕಿದ್ದು ರಿಪೋರ್ಟಲ್ಲಿ ಹೇಳ್ತೀನಿ," ಎಂದು ಮುಂದಿನವರನ್ನು ಕರೆದರು. ಆ ರಿಪೋರ್ಟು ಬಂದದ್ದು ಅವಳ ಕಿವಿಗೇ.

ಪಿತ್ತಕೋಶದ ಕಲ್ಲುಗಳು ಪಟಪಟನೆ ಮುಗಿದವು. ಆಮೇಲೆ ಲಿವರಿನ ಸರದಿ. ಬಲಭಾಗದಲ್ಲಿ ಒಂದು ಸಣ್ಣ... ಎಂದವರು ನಿಂತುಬಿಟ್ಟರು. ಅವಳು ಪೆಡಲು ನೋಡಿಕೊಂಡಳು, ಕಾಲು ಒತ್ತಿಯೇ ಇತ್ತು. ಪರದೆಯ ಮೇಲೆ ಹನ್ನೊಂದು ಸೆಕೆಂಡು ಓಡಿತು. ಆಮೇಲೆ ಡಾಕ್ಟರ ದನಿ ಮತ್ತೆ ಬಂತು: ರಕ್ತನಾಳಗಳ ಗಂಟು, ಅಪಾಯವಿಲ್ಲದ್ದು, ಏನೂ ಮಾಡಬೇಕಾಗಿಲ್ಲ.

ಅಷ್ಟನ್ನೂ ಟೈಪು ಮಾಡಿದಳು, ಒಂದಕ್ಷರವನ್ನೂ ನಂಬಲಿಲ್ಲ. ಆ ಗಂಟಿನ ಹೆಸರನ್ನು ಎಷ್ಟೋ ಜನರ ರಿಪೋರ್ಟಿನಲ್ಲಿ ಹೊಡೆದಿದ್ದಳು. ಅವರ್ಯಾರ ರಿಪೋರ್ಟಿನಲ್ಲೂ ಡಾಕ್ಟರು ಅಲ್ಲಿ ತಡೆದು ನಿಂತಿರಲಿಲ್ಲ. ನನ್ನ ಮೇಲಿನ ಕನಿಕರಕ್ಕೆ ಸುಳ್ಳು ಹೇಳಿದ್ದಾರೆ ಎಂದು ತೀರ್ಮಾನಿಸಿಬಿಟ್ಟಳು. ಡಾಕ್ಟರ ಕೋಣೆ ನಾಲ್ಕು ಹೆಜ್ಜೆ ದೂರ. ಕೇಳಿದರೆ ನಿಜ ಹೇಳಿಬಿಟ್ಟಾರು ಎಂಬ ಭಯಕ್ಕೆ ಹೋಗಲಿಲ್ಲ.

ಮನೆಯಲ್ಲಿ ಇದ್ದದ್ದು ಅತ್ತೆ ಒಬ್ಬರೇ. ಗಂಡ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಅತ್ತೆ ಸೊಸೆ ಇಬ್ಬರೂ ದಿನಾ ಜಗಳವಾಡಿಕೊಂಡೇ ಒಬ್ಬರನ್ನೊಬ್ಬರು ಬದುಕಿಸಿಕೊಂಡಿದ್ದರು. ಅತ್ತೆಗೆ ಎಂಬತ್ತೆರಡು. ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ನಾನು ಹೋದರೆ ಇವರಿಗೆ ಮಾತ್ರೆ ಕೊಡುವವರು ಯಾರು, ಬಚ್ಚಲಲ್ಲಿ ಕೈ ಹಿಡಿಯುವವರು ಯಾರು? ಅವಳಿಗೆ ಬೇರೆ ಯೋಚನೆಯೇ ಬರಲಿಲ್ಲ. ಸಾಯುವವಳಿಗೆ ಕಲ್ಲು ತೆಗೆಸಿ ಏನಾಗಬೇಕು ಎಂದು ಆಪರೇಷನ್ ಮುಂದೂಡಿ, ವೃದ್ಧಾಶ್ರಮ ಹುಡುಕಿದಳು. ಒಂದರಲ್ಲಿ ಜಾಗ ಸಿಕ್ಕಿತು.

"ಅತ್ತೆ, ಅಲ್ಲಿ ನಿಮ್ಮ ವಯಸ್ಸಿನೋರು ತುಂಬ ಜನ ಇದಾರೆ."

"ನನ್ನ ವಯಸ್ಸಿನೋರ ಸಹವಾಸ ಯಾರಿಗೆ ಬೇಕೇ? ಬರೀ ಮಂಡಿನೋವಿನ ಸುದ್ದಿ!" ಎಂದು ಅತ್ತೆ ನಕ್ಕರು. ಸೊಸೆ ನಗಲಿಲ್ಲ. ಅತ್ತೆಯ ನಗು ಅಲ್ಲೇ ಆರಿತು. "ನಾನೇನೇ ತಪ್ಪು ಮಾಡ್ದೆ?"

ಅವಳು ರಾತ್ರಿಯ ಮಾತ್ರೆ ಎಣಿಸಿ ಅತ್ತೆಯ ಕೈಗೆ ಕೊಟ್ಟಳು. ಮರುದಿನದಿಂದ ಅತ್ತೆ ಜಗಳವನ್ನೇ ನಿಲ್ಲಿಸಿದರು. ಕೊಟ್ಟ ಮಾತ್ರೆ ನುಂಗುವರು, ಬಡಿಸಿದ್ದು ಉಣ್ಣುವರು, ಯಾರದೋ ಮನೆಗೆ ಬಂದವರ ಹಾಗೆ ಮೂಲೆಯಲ್ಲಿ ಕೂರುವರು. ಅದು ಅವಳಿಗೆ ಪಕ್ಕೆನೋವಿಗಿಂತ ಹೆಚ್ಚು ಸಂಕಟವಾಯಿತು.

ಆಪರೇಷನ್ ಯಾಕೆ ಮುಂದೆ ಹಾಕಿದಿರಿ ಎಂದು ಡಾಕ್ಟರು ಕರೆದು ಕೇಳಿದ ದಿನ ಅವಳಿಗೆ ತಡೆಯಲಾಗಲಿಲ್ಲ.

"ಸಾರ್, ಲಿವರ್ ಹತ್ರ ಬಂದಾಗ ಯಾಕೆ ನಿಲ್ಲಿಸಿದ್ರಿ? ಹನ್ನೊಂದು ಸೆಕೆಂಡು."

ಡಾಕ್ಟರು ನೆನಪು ಮಾಡಿಕೊಂಡು ಹಣೆ ಚಚ್ಚಿಕೊಂಡರು. "ಇದನ್ನ ಕೇಳಿಸ್ಕೊಳ್ಳೋರು ನೀವೇ ಅಂತ ಆಗ ನೆನಪಾಯ್ತು ಕಣಮ್ಮ. ಹೆದರ್ಕೊಳ್ದೆ ಇರೋ ಹಾಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ. ಆ ಗಂಟು ಎಷ್ಟೋ ಜನಕ್ಕಿರುತ್ತೆ, ಅದರ ಪಾಡಿಗೆ ಅದಿರುತ್ತೆ. ಕಲ್ಲನ್ನ ಹಾಗೇ ಬಿಟ್ರೆ ಮಾತ್ರ ಅಪಾಯ."

ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ಮನೆಗೆ ಓಡಿ ಬಂದಳು. ಅತ್ತೆ ಮಂಚದ ಮೇಲೆ ಚೀಲ ಇಟ್ಟುಕೊಂಡು, ತಡಕಾಡುತ್ತಾ ಬಟ್ಟೆ ತುಂಬುತ್ತಿದ್ದರು. ಅವಳು ಕಾಲ ಬಳಿ ಕೂತು ಒಂದೂ ಬಿಡದೆ ಹೇಳಿದಳು. ಅತ್ತೆಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಅತ್ತೆ ಕೈಯಲ್ಲಿದ್ದ ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿದರು.

"ನನ್ನ ಮಗ ಕೊನೇತನಕ ನನ್ನ ಕೈ ಹಿಡ್ಕೊಂಡಿದ್ದ," ಎಂದರು. "ನೀನು ನನ್ನ ಹೊರಗೆ ಕಳಿಸಿ ಒಬ್ಬಳೇ ಸಾಯೋಕೆ ಹೊರಟಿದ್ದೆ."

"ನಿಮ್ಮ ಒಳ್ಳೇದಕ್ಕೇ ಅಲ್ವಾ ಅತ್ತೆ..."

"ಆಪರೇಷನ್ ಯಾವತ್ತು?"

"ಸೋಮವಾರ."

"ನಾನೂ ಬರ್ತೀನಿ. ಹೊರಗಡೆ ಕೂತಿರ್ತೀನಿ." ಅತ್ತೆ ಚೀಲದ ಬಾಯಿ ಕಟ್ಟಿದರು. "ಮೊದಲು ನೀನು ವಾಸಿಯಾಗು. ಆಮೇಲೆ ನಾನು ಈ ಮನೇಲಿ ಇರ್ತೀನೋ ಇಲ್ವೋ, ಅದನ್ನ ನಾನು ಹೇಳ್ತೀನಿ."